ಆಡು ಮೇಯಲಿ, ಸಂಘದ ನಿವೇಶನ ಹಸನಾಗಲಿ

ಹೊರನಾಡಿನ ನಮ್ಮ ಸಂಘ-ಸಂಸ್ಥೆಗಳಲ್ಲಿ ಹಲವು ಸದಸ್ಯರ ದೇಣಿಗೆಯಿಂದ ನಿವೇಶನವನ್ನೇನೋ ಕೊಂಡಿವೆ. ಆದರೆ ಭವನದ ಕನಸು ನನಸಾಗಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಆ ಜಾಗದ ಗತಿಯೇನು? ಮಳೆಗಾಲ ಮುಗಿಯುವ ಹೊತ್ತಿಗೆ ಆಳೆತ್ತರದ ಗಿಡಗಂಟಿ, ಅದರೊಳಗೆ ಹಾವು, ಸೊಳ್ಳೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ನೆರೆಯವರ ದೂರು ಬಂದ ಮೇಲೆಯೇ ಕಾರ್ಯಕಾರಿ ಸಮಿತಿ ಎಚ್ಚರಗೊಳ್ಳುವುದು. ನಗರದ ಹೊರವಲಯದಲ್ಲಿ ಪ್ಲಾಟು ಕೊಂಡಿಟ್ಟ ಸದಸ್ಯರ ಪಾಡೂ ಇದೇ.

ಆಗ ಹೊಳೆಯುವ ಉಪಾಯಗಳು ಮೂರು: ಜೆಸಿಬಿ, ಬೆಂಕಿ, ಕಳೆನಾಶಕ. ಜೆಸಿಬಿ ಗಿಡದ ಜತೆಗೆ ಮೇಲ್ಮಣ್ಣನ್ನೂ ಕೀಳುತ್ತದೆ. ಆ ಮಣ್ಣು ಮುಂದಿನ ಮಳೆಗೆ ಚರಂಡಿ ಸೇರುತ್ತದೆ. ಬೆಂಕಿಯಂತೂ ಅಕ್ಕಪಕ್ಕದವರಿಗೆ ಹೊಗೆ, ಅಪಾಯ. ಬಯಲಲ್ಲಿ ಕಸ ಸುಡುವವರಿಗೆ 5,000 ರೂ., ಭಾರೀ ಪ್ರಮಾಣದಲ್ಲಿ ಸುಟ್ಟರೆ 25,000 ರೂ. ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. ಇನ್ನು ಕಳೆನಾಶಕ. ಜನರ ಹಾಗೂ ಜಾನುವಾರುಗಳ ಆರೋಗ್ಯದ ದೃಷ್ಟಿಯಿಂದ ಗ್ಲೈಫೊಸೇಟ್ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರಿಗಷ್ಟೇ ಸೀಮಿತಗೊಳಿಸಿ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು.

ನಾಲ್ಕನೆಯ ಉಪಾಯವೊಂದಿದೆ. ಅದು ಆಡು-ಕುರಿ. ಆಡು ಹಿಂಗಾಲ ಮೇಲೆ ನಿಂತು ಪೊದೆ, ಬಳ್ಳಿ, ಎಲೆಗಳನ್ನು ತರಿಯುತ್ತದೆ. ಕುರಿ ತಲೆ ತಗ್ಗಿಸಿ ಹುಲ್ಲನ್ನು ಬುಡದವರೆಗೆ ಮೇಯುತ್ತದೆ. ಎರಡೂ ಸೇರಿದರೆ ಕೆಲಸ ಪೂರ್ಣ. ಯಂತ್ರ ಹತ್ತದ ಇಳಿಜಾರನ್ನೂ ಅವು ಹತ್ತುತ್ತವೆ. ಡೀಸೆಲ್ ಬೇಡ, ಸದ್ದಿಲ್ಲ, ಹಿಕ್ಕೆಯಿಂದ ನೆಲಕ್ಕೆ ಗೊಬ್ಬರ.

ಇದು ಹಳ್ಳಿಗರ ಮಾತೆಂದು ಮೂಗು ಮುರಿಯುವವರು ಅಮೆರಿಕದತ್ತ ನೋಡಬಹುದು. 2009ರಲ್ಲಿ ಗೂಗಲ್ ಕಂಪೆನಿ ಕ್ಯಾಲಿಫೋರ್ನಿಯದ ತನ್ನ ಕೇಂದ್ರ ಕಚೇರಿಯ ಬಯಲಲ್ಲಿ ಬೆಂಕಿಯ ಭಯ ತಗ್ಗಿಸಲು ಸುಮಾರು 200 ಆಡುಗಳನ್ನು ಬಾಡಿಗೆಗೆ ಕರೆಸಿತು. ಯಂತ್ರದಿಂದ ಕತ್ತರಿಸುವಷ್ಟೇ ಖರ್ಚು ಬಂತೆಂದು ಕಂಪೆನಿಯೇ ಹೇಳಿತು. 2013ರಲ್ಲಿ ವಾಷಿಂಗ್ಟನ್ನಿನ ಐತಿಹಾಸಿಕ ಕಾಂಗ್ರೆಷನಲ್ ಸ್ಮಶಾನದ ಅಂಚಿನ ವಿಷಬಳ್ಳಿಗಳನ್ನು ಮೇಯಿಸಲು ಆಡುಗಳೇ ಬಂದವು. ಅದೇ ವರ್ಷ ಶಿಕಾಗೋದ ಓಹೇರ್ ವಿಮಾನ ನಿಲ್ದಾಣವೂ ಆಡು-ಕುರಿಗಳನ್ನು ನೇಮಿಸಿಕೊಂಡಿತು. ಅಲ್ಲಿ ಮಂದೆಯ ಒಡೆಯನಿಗೆ ಕರಾರುಪತ್ರವಿದೆ, ಸಂಭಾವನೆಯಿದೆ.

ಹಣ ಕೊಟ್ಟು ಮಂದೆ ಕರೆಸುವುದು ನಮಗೇನೂ ಹೊಸತಲ್ಲ. ಉತ್ತರ ಕರ್ನಾಟಕದ ರೈತರು ಕೊಯ್ಲಿನ ನಂತರ ಹೊಲದಲ್ಲಿ ಕುರಿ ನಿಲ್ಲಿಸಿ, ಕುರುಬರಿಗೆ ಕಾಳು ಇಲ್ಲವೇ ರೊಕ್ಕ ಕೊಡುತ್ತ ಬಂದಿದ್ದಾರೆ. ಮಹಾರಾಷ್ಟ್ರದ ಧನಗರರು ಮಳೆಗಾಲದ ನಂತರ ಘಟ್ಟವಿಳಿದು ಕೊಂಕಣದ ಗದ್ದೆಗಳಲ್ಲಿ ಬೀಡು ಬಿಡುವುದೂ ಇದೇ ಲೆಕ್ಕಾಚಾರದಿಂದ. ಆದರೆ ಗೋಮಾಳಗಳು ಬಡಾವಣೆಗಳಾದಂತೆ ಅವರ ದಾರಿ ಕಿರಿದಾಗಿದೆ. ತಲೆಮಾರುಗಳಿಂದ ಮೇಯಿಸಿದ ನೆಲದ ಸುತ್ತ ಈಗ ಬೇಲಿ, ಬಾಗಿಲಲ್ಲಿ ಕಾವಲುಗಾರ. ಒಳಗೆ ಮೇವು ಒಣಗಿ ಬೆಂಕಿಗೆ ಆಹುತಿ. ಹೊರಗೆ ಮಂದೆ ಹಸಿದು ರಸ್ತೆಬದಿಯಲ್ಲಿ. ಈ ಎರಡು ಕಷ್ಟಗಳನ್ನು ಕೂಡಿಸಿದರೆ ಎರಡೂ ತೀರುತ್ತವೆ ಎಂಬುದೇ ನಮ್ಮ ವಾದ.

ಆದರೆ ಎಚ್ಚರಿಕೆಯೂ ಅಗತ್ಯ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಅಕ್ಷರಶಃ ನಂಬುವಂತಿಲ್ಲ. ಕಣಗಿಲೆ ಆಡಿಗೂ ಪ್ರಾಣಾಂತಿಕ; ಲಂಟಾನ ಯಕೃತ್ತನ್ನು ಕೆಡಿಸುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಾಣಿಸಿಕೊಂಡ ಕಾಂಗ್ರೆಸ್ ಹುಲ್ಲನ್ನೂ ಮೇಯಿಸುವಂತಿಲ್ಲ. ಇವನ್ನು ಕೈಗವಸು ತೊಟ್ಟ ಆಳುಗಳಿಂದ ಮೊದಲೇ ಕೀಳಿಸಬೇಕು. ಪ್ಲಾಸ್ಟಿಕ್, ಗಾಜು, ತಂತಿ ಹೆಕ್ಕಿಸಬೇಕು. ಹೊಟ್ಟೆ ಸೇರಿದ ಪ್ಲಾಸ್ಟಿಕ್ ಮೂಕಪ್ರಾಣಿಯ ಜೀವ ತೆಗೆದೀತು. ಇತ್ತೀಚೆಗೆ ಕೀಟನಾಶಕ ಸಿಂಪಡಿಸಿದ ಜಾಗಕ್ಕೆ ಮಂದೆ ತರಲೇಬಾರದು. ನೆಟ್ಟ ಸಸಿಗಳಿಗೆ ಮುಳ್ಳುಬೇಲಿ, ಮಂದೆಗೆ ಕುಡಿಯುವ ನೀರು, ನಾಯಿಗಳಿಂದ ರಕ್ಷಣೆ ಬೇಕು. ಆಡು ಬೇರು ಕೀಳುವುದಿಲ್ಲ. ಚಿಗುರಿದಾಗ ಮತ್ತೆ ಮೇಯಿಸಿದರೇ ಗಿಡದ ಶಕ್ತಿ ಕುಂದುವುದು. ಕಟ್ಟಡಗಳ ನಡುವಿನ ಅಂಗೈಯಗಲದ ಜಾಗಕ್ಕೆ ಮಂದೆ ಬೇಡ, ಕುಡುಗೋಲೇ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಸಂಭಾವನೆ. ಹೇಗೂ ಪುಕ್ಕಟೆ ಮೇವು ಸಿಕ್ಕಿತಲ್ಲ ಎಂಬ ಮಾತು ಸಲ್ಲದು. ಜೆಸಿಬಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುವ ನಾವು, ಬೆಳಗಿನಿಂದ ಸಂಜೆಯವರೆಗೆ ಮಂದೆ ಕಾಯುವವನಿಗೆ ಕೊಡಲು ಚೌಕಾಸಿ ಮಾಡಬಾರದು. ದಿನ, ದರ, ಹೊಣೆ ಎಲ್ಲವನ್ನೂ ಮೊದಲೇ ಮಾತಾಡಿ, ರಸೀದಿ ಪಡೆದು ಲೆಕ್ಕಪತ್ರದಲ್ಲಿ ಕಾಣಿಸಲಿ. ಹಾಗಾದರೆ ಮಂದೆಯವನು ಬೇಲಿ ಹಾರಿ ಬಂದವನಲ್ಲ, ಸಂಘ ಕರೆಸಿದ ಕೆಲಸಗಾರ.

ನಿವೇಶನವಿರುವ ಸಂಘಗಳು ಬರುವ ಮಹಾಸಭೆಯ ಮುಂಗಡಪತ್ರದಲ್ಲಿ ಇದಕ್ಕೊಂದು ಬಾಬ್ತು ಸೇರಿಸಲಿ. ಸೊಸೈಟಿ ಹಾಗೂ ನೆರೆಯವರ ಒಪ್ಪಿಗೆ ಪಡೆಯಲಿ. ಮಳೆ ನಿಂತು ಹುಲ್ಲು ಇನ್ನೂ ಹಸಿರಾಗಿರುವಾಗಲೇ ಮಂದೆ ಕರೆಸಲಿ. ಕಂಬಳಿ ಹೊದ್ದ ಕುರುಬನನ್ನು ನಮ್ಮ ವೇದಿಕೆಗಳ ಜಾನಪದ ನೃತ್ಯದಲ್ಲಿ ಕಂಡು ಚಪ್ಪಾಳೆ ತಟ್ಟುತ್ತೇವೆ. ಅವನ ಕಸುಬಿಗೂ ಒಂದಿಷ್ಟು ಕೆಲಸ ಕೊಡೋಣ.