ಹೆಡ್‌ಲೈಟ್ ಜಗಳ, ಹಿಂದಿನ ಸೀಟು (ನೈಟ್ ಡ್ಯೂಟಿ ಮುಗಿಸಿ – 31)

ಮೂರು ನೈಟ್ ಮುಗಿಸಿ, ಹನ್ನೊಂದು ಗಂಟೆ ನಿದ್ದೆ ಹೊಡೆದು ಎದ್ದು ಬರೀತಿದ್ದೀನಿ. ಹೋದ ಸಲ ಮ್ಯಾಟ್ಲಾಕ್ ಬಾತ್‌ನ ಬೈಕುಗಳ ಫೋಟೋ ಹಾಕಿದ್ದಕ್ಕೆ ಈ ಸರಣಿಯಲ್ಲಿ ಯಾವತ್ತೂ ಬರದಷ್ಟು ಕಾಮೆಂಟ್ ಬಂದವು. ನಾನು ವಾರ್ಡಿನ ಬಗ್ಗೆ, ಇಲ್ಲಿನ ಚಳಿ ಬಗ್ಗೆ ಮಾರುದ್ದ ಬರೆದಾಗ ‘ಸೂಪರ್ ಅಕ್ಕ’ ಅಂತ ಒಂದು ಹೂವು ಹಾಕಿ ಓಡುವ ನಮ್ಮೂರಿನ ಹುಡುಗರೆಲ್ಲ, ಫೋಟೋದ ಮೂಲೆಯಲ್ಲಿದ್ದ ಒಂದು ಕೆಂಪು ಬೈಕಿನ ಹಿಂದಿನ ಚಕ್ರದ ವಿಷಯಕ್ಕೆ ಎರಡು ದಿನ ಕಿತ್ತಾಡಿದ್ರಿ. ಓದೋಕೆ ಮಜಾ ಇತ್ತು. ಆದ್ರೆ ಅಷ್ಟೂ ಕಾಮೆಂಟಿನಲ್ಲಿ ಒಂದು ವಿಷಯ ಯಾರೂ ಎತ್ತಲಿಲ್ಲ. ಅದನ್ನೇ ಇವತ್ತು ಬರೀತೀನಿ.

ಮೊದಲು ನಮ್ಮ ಅತ್ತೆ, ಚಿಕ್ಕಮ್ಮಂದಿರಿಗೆ ಹಿನ್ನೆಲೆ ಹೇಳಿಬಿಡ್ತೀನಿ. ಮ್ಯಾಟ್ಲಾಕ್ ಬಾತ್ ಅನ್ನೋದು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಡರ್ವೆಂಟ್ ನದಿಯ ಪಕ್ಕದಲ್ಲಿರುವ ಪುಟ್ಟ ಊರು. ಸಮುದ್ರ ಎಲ್ಲೋ ದೂರ, ಆದ್ರೂ ಕಡಲತೀರದ ಊರಿನ ಹಾಗೆ ಸಾಲಾಗಿ ಮೀನಿನ ಅಂಗಡಿ, ಐಸ್‌ಕ್ರೀಮ್ ಅಂಗಡಿ. ಭಾನುವಾರ ಸ್ವಲ್ಪ ಬಿಸಿಲು ಬಂತು ಅಂದ್ರೆ ರಸ್ತೆ ಉದ್ದಕ್ಕೂ ಬೈಕುಗಳೇ. ಓಡಿಸೋರಲ್ಲಿ ಅರ್ಧಕ್ಕರ್ಧ ತಲೆ ಬೆಳ್ಳಗಾದವರು. ಒಂದು ಕೈಯಲ್ಲಿ ಕಾಗದದ ಲೋಟದ ಟೀ, ಇನ್ನೊಂದು ಕೈ ಯಾವುದೋ ಬೈಕಿನ ಮೂತಿ ಕಡೆ. ನಮ್ಮಲ್ಲಿ ಅಡಿಕೆ ಮಂಡಿ ಮುಂದೆ ನಿಂತು ರಾಶಿ ಇಡಿಯ ರೇಟು ಮಾತಾಡ್ತಾರಲ್ಲ, ಅದೇ ಗಾಂಭೀರ್ಯ.

ನಾನು ಹೋದ ದಿನ ಜಗಳ ನಡೀತಿದ್ದದ್ದು ಡುಕಾಟಿಯ 2025ರ ಪಾನಿಗಾಲೆ ವಿ4 ಬಗ್ಗೆ. ಹಿಂದಿನ ಚಕ್ರವನ್ನು ಹಿಡಿದುಕೊಳ್ಳುವ ತೋಳಿಗೆ ಸ್ವಿಂಗ್ ಆರ್ಮ್ ಅಂತಾರೆ. ಡುಕಾಟಿಯ ದೊಡ್ಡ ಸ್ಪೋರ್ಟ್ಸ್ ಬೈಕುಗಳಲ್ಲಿ ಅದು ಒಂದೇ ಬದಿಗೆ ಇರ್ತಿತ್ತು. ಇನ್ನೊಂದು ಬದಿಯಿಂದ ನೋಡಿದ್ರೆ ಚಕ್ರ ಗಾಳಿಯಲ್ಲಿ ತೇಲಿದ ಹಾಗೆ ಪೂರ್ತಿ ಕಾಣುತ್ತೆ. ಹೊಸ ಮಾಡೆಲ್‌ನಲ್ಲಿ ಎಲ್ಲ ಬೈಕುಗಳ ಹಾಗೆ ಎರಡೂ ಬದಿಗೆ ತೋಳು ಕೊಟ್ಟಿದ್ದಾರೆ. ಹಗುರ ಆಗಿದೆ, ತಿರುವಿನಲ್ಲಿ ಟೈರಿಗೆ ಹಿಡಿತ ಚೆನ್ನಾಗಿ ಸಿಗುತ್ತೆ ಅಂತ ಕಂಪನಿಯ ವಾದ. ಒಬ್ಬರು ಅಜ್ಜ ಮಾತ್ರ, ಯಾರೋ ಅವರ ಮನೆಯ ಕಂಬ ಕಿತ್ತ ಹಾಗೆ ಮುಖ ಮಾಡಿಕೊಂಡು ನಿಂತಿದ್ರು.

ನನ್ನ ಜೊತೆ ಕೆಲಸ ಮಾಡುವ ಸಿಸ್ಟರ್ ಒಬ್ಬರ ಗಂಡ ಇದರ ಹಿಂದಿನ ಕಥೆ ಹೇಳಿದ್ರು. 1994ರಲ್ಲಿ ಮಾಸ್ಸಿಮೊ ತಂಬುರಿನಿ ಎಂಬ ವಿನ್ಯಾಸಕಾರ 916 ಅಂತ ಒಂದು ಬೈಕ್ ಮಾಡಿದ. ಅಕ್ಕಪಕ್ಕ ಎರಡು ಕಣ್ಣು, ಸೀಟಿನ ಕೆಳಗೆ ಸೈಲೆನ್ಸರ್, ಒಂದೇ ಬದಿಯ ತೋಳು. ಇವತ್ತಿಗೂ ಜಗತ್ತಿನ ಅತಿ ಚಂದದ ಬೈಕ್ ಯಾವುದು ಅಂದ್ರೆ ಆ ಹೆಸರು ಬರುತ್ತೆ. ಅದರ ಪೀಳಿಗೆ ಮುಗಿದ ಮೇಲೆ 2003ರ ಮಾಡೆಲ್ ಆಗಿ ಪಿಯರ್ ಟೆರ್‌ಬ್ಲಾಂಶ್ ವಿನ್ಯಾಸದ 999 ಬಂತು. ಎರಡು ಕಣ್ಣು ಒಂದರ ಮೇಲೊಂದು, ತೋಳು ಎರಡೂ ಬದಿಗೆ. ಕೂರುವ ಭಂಗಿ ಮೊದಲಿಗಿಂತ ಹಿತ, ಸವಾರನ ಎತ್ತರಕ್ಕೆ ಹೊಂದಿಸಿಕೊಳ್ಳೋಕೂ ಅವಕಾಶ ಇತ್ತು. ರೇಸಿನಲ್ಲಿ 2003, 2004, 2006, ಮೂರು ವರ್ಷ ವಿಶ್ವ ಸೂಪರ್‌ಬೈಕ್ ಚಾಂಪಿಯನ್‌ಶಿಪ್ ಗೆದ್ದಿತು. ಆದ್ರೂ ಜನ ಮುಖ ತಿರುಗಿಸಿದ್ರು. 2007ರಲ್ಲಿ 1098 ಬಂದಾಗ ಎರಡು ಕಣ್ಣು ಮತ್ತೆ ಅಕ್ಕಪಕ್ಕ, ತೋಳು ಮತ್ತೆ ಒಂದೇ ಬದಿಗೆ.

ಈ ಕಥೆ ಕೇಳಿದ ಮೇಲೆ ‘ಲುಕ್ ಅನ್ನೋದು ಹುಡುಗಾಟ’ ಅಂತ ನಾನು ಹೇಳೋದಿಲ್ಲ. ಬೈಕ್ ಚಂದ ಇರಬೇಕು. ನನಗೂ ಚಂದದ ಬೈಕ್ ಇಷ್ಟ, 916 ಎದುರಿಗೆ ನಿಂತ್ರೆ ನಾನೂ ಸುಮ್ಮನೆ ನೋಡ್ತಾ ನಿಲ್ತೀನಿ. ಕೊಳ್ಳುವವರ ಮಾತಿಗೆ ಕಂಪನಿಗಳು ತಲೆ ಬಾಗಿಸುತ್ತವೆ ಅನ್ನೋದೂ ಇದರಿಂದ ಗೊತ್ತಾಗುತ್ತೆ. ಬಿಎಂಡಬ್ಲ್ಯೂದವರ ಎಸ್ 1000 ಆರ್‌ಆರ್‌ಗೆ ಮೊದಮೊದಲು ಒಂದು ಕಣ್ಣು ಒಂದು ಥರ, ಇನ್ನೊಂದು ಇನ್ನೊಂದು ಥರ ಇತ್ತು. ಅದಕ್ಕೂ ವರ್ಷಗಟ್ಟಲೆ ವಾದ ನಡೆದು, 2019ರ ಮಾಡೆಲ್‌ನಲ್ಲಿ ಎರಡೂ ಒಂದೇ ಆದವು. ಅಂದ ಮೇಲೆ ನಾವು ಯಾವುದಕ್ಕೆ ಜಗಳ ಆಡ್ತೀವಿ ಅನ್ನೋದು ಸಣ್ಣ ವಿಷಯ ಅಲ್ಲ. ಯಾವುದಕ್ಕೆ ಜಗಳ ಆಡೋದೇ ಇಲ್ಲ ಅನ್ನೋದೂ ಸಣ್ಣದಲ್ಲ.

ಮ್ಯಾಟ್ಲಾಕ್ ಬಾತ್‌ನಲ್ಲಿ ಸ್ಪೋರ್ಟ್ಸ್ ಬೈಕ್ ಭಾನುವಾರದ ವಸ್ತು. ಆ ಅಜ್ಜನ ಮನೆ ಮುಂದೆ ಕಾರಿದೆ. ಅವರು ಒಬ್ಬರೇ ಬರ್ತಾರೆ, ಮೈತುಂಬ ಚರ್ಮದ ಸೂಟ್ ಹಾಕಿಕೊಂಡು ಬರ್ತಾರೆ. ಹೆಂಡತಿಯೂ ಬರೋದಾದ್ರೆ ಅಗಲ ಸೀಟಿನ ಬೇರೆ ಬೈಕ್ ತೆಗೀತಾರೆ, ಇಲ್ಲಾ ಕಾರಲ್ಲಿ ಬರ್ತಾರೆ. ಇಲ್ಲಿನ ಕಾನೂನಿನ ಪ್ರಕಾರ ಹಿಂದೆ ಕೂರೋರು ಸರಿಯಾದ ಸೀಟಿನ ಮೇಲೆ ಎರಡೂ ಕಡೆ ಕಾಲು ಹಾಕಿಯೇ ಕೂರಬೇಕು. ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವ ಹಾಗಿಲ್ಲ. ಹಾಗಾಗಿ ಇವರು ಬರೀ ಮೂತಿ, ತೋಳು, ರೆಕ್ಕೆ ಅಂತ ಗಂಟೆಗಟ್ಟಲೆ ಮಾತಾಡಿದ್ರೆ ಯಾರಿಗೂ ನಷ್ಟ ಇಲ್ಲ.

ನಮ್ಮಲ್ಲಿ ಹಾಗಾ ಹೇಳಿ? ತೀರ್ಥಹಳ್ಳಿ ಸುತ್ತಮುತ್ತ ಎಷ್ಟು ಮನೆಯಲ್ಲಿ ಅಂಗಳದಲ್ಲಿರುವ ಒಂದೇ ಗಾಡಿ ಮಗನ ಸ್ಪೋರ್ಟ್ಸ್ ಬೈಕ್! ಕಾಲೇಜಿಗೆ ಅದೇ, ಹಾಲು ಹಾಕೋಕೆ ಅದೇ, ಮದುವೆ ಮನೆಗೆ ಅದೇ. ಅಮ್ಮನ ಬಿಪಿ ಮಾತ್ರೆ ಮುಗಿದ್ರೆ ಡಾಕ್ಟರ ಹತ್ತಿರಕ್ಕೂ ಅದೇ. ರೇಸಿಗಾಗಿ ಹುಟ್ಟಿದ ಆಕಾರವನ್ನು ನಾವು ಮನೆಮಂದಿಯ ಗಾಡಿ ಮಾಡಿಕೊಂಡಿದ್ದೀವಿ. ಮಾಡಿಕೊಳ್ಳಲಿ, ತಪ್ಪೇನಿಲ್ಲ. ಆದ್ರೆ ಜಗಳದ ಮಾತುಗಳನ್ನು ಮಾತ್ರ ಒಂಟಿ ಸವಾರರಿಂದ ಎರವಲು ತಂದಿದ್ದೀವಿ.

ಆರ್15 ನೋಡಿ, ನಮ್ಮೂರಿನ ಹುಡುಗರಿಗೆ ಅದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಯಮಹಾ ಅದನ್ನು 2008ರಲ್ಲಿ ತಂದಾಗ ಸೀಟು ಒಂದೇ ಉದ್ದಕ್ಕೆ ಇತ್ತು. 2011ರ ಎರಡನೇ ಆವೃತ್ತಿಯಲ್ಲಿ ಸೀಟು ಎರಡು ತುಂಡಾಗಿ ಹಿಂದಿನದು ಮೇಲೇರಿತು. 2018ರಲ್ಲಿ ಮೂರನೆಯದು, 2021ರಲ್ಲಿ ನಾಲ್ಕನೆಯದು. ಸವಾರನ ಸೀಟಿನ ಎತ್ತರವೇ ಈಗ 815 ಮಿಲಿಮೀಟರ್. ಹಿಂದಿನದು ಅದಕ್ಕಿಂತ ಮೇಲೆ. ನಾಲ್ಕನೇ ಆವೃತ್ತಿ ಬಂದಾಗ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಡೆದ ಚರ್ಚೆ ನೆನಪಿದೆಯಾ? ಎರಡು ಕಣ್ಣಿನ ಜಾಗದಲ್ಲಿ ನಡುವೆ ಒಂದೇ ಹೆಡ್‌ಲೈಟ್ ಬಂತು ಅಂತ ಚಿಕ್ಕಪ್ಪನ ಮಗ ‘ಒಕ್ಕಣ್ಣ’ ಅಂತ ಹೆಸರಿಟ್ಟ. ಕೆಟಿಎಂ ಆರ್‌ಸಿ 390ಯ ಹೊಸ ಮಾಡೆಲ್‌ನ ಅಗಲ ಮೂತಿಗೂ ಹೀಗೇ ಬೈಗುಳ. ಅದರ ಹಳೆಯ ಮಾಡೆಲ್ ಇತ್ತಲ್ಲ, 2014ರದು, ಅದರಲ್ಲಿ ಹಿಂದಿನ ಸೀಟನ್ನು ರೇಸ್ ಬೈಕಿನ ಬಾಲದ ಹಾಗೆ ಕಾಣುವಂತೆಯೇ ಮಾಡಿದ್ರು. ಅಲ್ಲೊಂದು ಸೀಟು ಇದೆ ಅಂತ ನೋಡಿದವರಿಗೆ ಗೊತ್ತಾಗಬಾರದು, ಅದೇ ಅದರ ಹೆಚ್ಚುಗಾರಿಕೆ. ನಮ್ಮ ಹುಡುಗರು ಹೊಗಳಿದ್ದೂ ಅದನ್ನೇ. ಅಲ್ಲಿ ಕೂತವರ ಮೆಚ್ಚುಗೆ ಇವತ್ತಿನವರೆಗೂ ನನ್ನ ಕಿವಿಗೆ ಬಿದ್ದಿಲ್ಲ.

ಬಾಲ ಯಾಕೆ ಮೇಲೆ ಇರುತ್ತೆ ಅನ್ನೋದಕ್ಕೆ ಕಾರಣ ಇದೆ, ಸುಮ್ಮನೆ ಫ್ಯಾಷನ್ ಅಲ್ಲ. ಸವಾರ ಮುಂದಕ್ಕೆ ಬಗ್ಗಿದ್ರೆ ಮುಂದಿನ ಚಕ್ರದ ಮೇಲೆ ಭಾರ ಬೀಳುತ್ತೆ, ತಿರುವಿನಲ್ಲಿ ಹಿಡಿತ ಸಿಗುತ್ತೆ. ಬಾಲ ಚೂಪಾಗಿದ್ರೆ ಗಾಳಿ ಸಲೀಸಾಗಿ ಜಾರುತ್ತೆ. ಒಬ್ಬನೇ ಓಡಿಸುವಾಗ ಇದೆಲ್ಲ ಸರಿ. ಇಬ್ಬರಾದ ಕೂಡಲೇ ಲೆಕ್ಕ ತಿರುಗುತ್ತೆ. ಹಿಂದಿನವರ ಭಾರ ಎತ್ತರದಲ್ಲಿ, ಹಿಂದಕ್ಕೆ. ಬ್ರೇಕ್ ಹಾಕಿದ್ರೆ ಆ ಇಳಿಜಾರು ಸೀಟಿನಿಂದ ಅವರು ಜಾರಿ ಸವಾರನ ಬೆನ್ನಿಗೆ ಬರ್ತಾರೆ, ಇಬ್ಬರ ಭಾರವೂ ಅವನ ಎರಡು ಮಣಿಕಟ್ಟಿನ ಮೇಲೆ. ಕಾಲಿಡುವ ಜಾಗ ಮೇಲಿರೋದರಿಂದ ಮಂಡಿ ಮಡಚಿ ಎದೆಗೆ ಬರುತ್ತೆ. ಮುಂದೆ ಏನಿದೆ ಅಂತ ಕಾಣೋದು ಬರೀ ಒಂದು ಹೆಲ್ಮೆಟ್ಟು.

ನಾನು ಇಲ್ಲಿಗೆ ಬರುವ ಮೊದಲು ಬೆಂಗಳೂರಿನಲ್ಲಿ ಕ್ಯಾಶುವಾಲ್ಟಿಯಲ್ಲಿ ಇದ್ದವಳು. ರೋಗಿಗಳ ವಿಷಯ ನಾನು ಇಲ್ಲಿ ಬರೆಯೋದಿಲ್ಲ, ನಿಮಗೆ ಗೊತ್ತು. ಒಂದು ಮಾತು ಮಾತ್ರ ಹೇಳಬಹುದು. ಬೈಕ್ ಓಡಿಸ್ತಿದ್ದವರನ್ನು ಏನಾಯ್ತು ಅಂತ ಕೇಳಿದ್ರೆ ಒಂದು ಕಥೆ ಇರುತ್ತೆ: ನಾಯಿ ಅಡ್ಡ ಬಂತು, ಮರಳು ಇತ್ತು, ಆಟೋದವನು ತಿರುಗಿಸಿದ. ಹಿಂದೆ ಕೂತಿದ್ದವರನ್ನು ಕೇಳಿದ್ರೆ ‘ಏನಾಯ್ತು ಅಂತ ಗೊತ್ತೇ ಆಗಲಿಲ್ಲ ಸಿಸ್ಟರ್’. ಬ್ರೇಕ್ ಬರುತ್ತೆ ಅಂತ ಅವರಿಗೆ ಮುಂಚೆ ಗೊತ್ತಾಗೋದಿಲ್ಲ. ಮೈ ಬಿಗಿ ಹಿಡಿಯೋಕೆ ಸಮಯ ಸಿಗೋದಿಲ್ಲ. ಅವರಿಗೆ ಇರೋದು ಕೈಗೆ ಸಿಕ್ಕ ಹಿಡಿ ಒಂದೇ.

ಆ ಹಿಡಿ ಕೊಡೋದು ಕಂಪನಿಯ ಔದಾರ್ಯ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಮೂರು ವಸ್ತು ಇರಲೇಬೇಕು ಅನ್ನುತ್ತೆ: ಹಿಂದೆ ಕೂರೋರಿಗೆ ಖಾಯಂ ಆದ ಕೈಹಿಡಿ, ಕಾಲಿಡೋಕೆ ಜಾಗ, ಮತ್ತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಮುಚ್ಚುವ ರಕ್ಷೆ. ಕೊನೆಯದೇ ನಾವು ಸೀರೆ ಗಾರ್ಡ್ ಅನ್ನೋದು. ನಮ್ಮ ಹುಡುಗರು ಹೊಸ ಬೈಕ್ ತಂದ ವಾರದಲ್ಲೇ ಮೆಕ್ಯಾನಿಕ್ ಹತ್ತಿರ ಹೋಗಿ ಮೊದಲು ಬಿಚ್ಚಿಸೋದು ಅದನ್ನೇ. ‘ಡಬ್ಬ ಕಾಣುತ್ತೆ ಅಕ್ಕ.’ ಸೀರೆ ಸೆರಗೋ ದುಪಟ್ಟಾವೋ ಚಕ್ರಕ್ಕೆ ಸಿಕ್ಕಿದ್ರೆ ಅದು ಬಟ್ಟೆಯನ್ನಷ್ಟೇ ಎಳೆಯೋದಿಲ್ಲ, ಉಟ್ಟವರನ್ನು ಹಿಂದಕ್ಕೆ, ಕೆಳಕ್ಕೆ ಎಳೆಯುತ್ತೆ. ದುಪಟ್ಟಾ ಆದ್ರೆ ಕುತ್ತಿಗೆಗೆ. ಇದಕ್ಕಿಂತ ಹೆಚ್ಚು ವಿವರ ಊಟದ ಹೊತ್ತಿಗೆ ಓದೋರಿಗೆ ಬೇಡ. (ಹಿಂದೆ ಕೂರೋರಿಗೂ ಹೆಲ್ಮೆಟ್ ಅನ್ನೋದು ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಕಡ್ಡಾಯ. ಅದನ್ನು ಮೊಣಕೈಗೆ ಸಿಕ್ಕಿಸಿಕೊಳ್ಳೋ ಅತ್ತಿಗೆಯರೇ, ಅದು ತಲೆಗೆ.)

ಇಲ್ಲಿ ಯಾರಾದ್ರೂ ಹೇಳ್ತೀರಿ, ‘ಹಾಗಾದ್ರೆ ಸ್ಕೂಟಿ ತಗೊಳ್ಳಿ, ಸ್ಪೋರ್ಟ್ಸ್ ಬೈಕಿನ ತಂಟೆಗೆ ಯಾಕೆ ಬರ್ತೀರಿ?’ ಮನೆಯಲ್ಲಿ ಎರಡು ಗಾಡಿ ಇದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಸ್ಪೋರ್ಟ್ಸ್ ಬೈಕ್ ಆಸೆ ಇರುತ್ತೆ, ಆಗುಂಬೆ ಘಾಟಿಯ 14 ತಿರುವು ಕಣ್ಣೆದುರಿಗೇ ಇದ್ರೆ ಇನ್ನೂ ಜಾಸ್ತಿ ಇರುತ್ತೆ. ಅವನ ಆಸೆ ಬಿಡಿಸೋದು ನನ್ನ ಉದ್ದೇಶ ಅಲ್ಲ. ಅಪ್ಪನ ಹತ್ತಿರ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇತ್ತು. ಚಪ್ಪಟೆ ಸೀಟು, ನಡುವೆ ನಾನು, ಹಿಂದೆ ಅಮ್ಮ. ಅದಕ್ಕೂ ಊರಿನ ಹುಡುಗರು ಹುಚ್ಚೇ ಹಿಡಿಸಿಕೊಂಡಿದ್ರು. ಸೀಟು ಅಗಲ ಇದ್ದದ್ದಕ್ಕೆ ಯೆಜ್ಡಿಯ ಗತ್ತು ಕಡಿಮೆ ಆಗಿರಲಿಲ್ಲ.

ಒಂದೇ ಗಾಡಿಯಲ್ಲಿ ಎರಡೂ ಸಾಧ್ಯ ಇಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಯಮಹಾದವರೇ 2021ರ ನವೆಂಬರಿನಲ್ಲಿ ಆರ್15 ಎಸ್ ಅಂತ ತಂದ್ರು. ಮೂರನೇ ಆವೃತ್ತಿಯ ಬೈಕೇ, ಸೀಟು ಮಾತ್ರ ಒಂದೇ ತುಂಡು. ಗ್ರೂಪಿನಲ್ಲಿ ಅದರ ಫೋಟೋ ಯಾರು ಹಾಕಿದ್ರಿ? ಯಾರೂ ಇಲ್ಲ. ‘ಅಂಕಲ್ ಎಡಿಷನ್’ ಅಂತ ಒಂದು ನಗುವ ಮುಖ ಬಂತು, ಅಷ್ಟೇ. ಬೇಡ ಅಂತ ನಾವೇ ನಕ್ಕರೆ ಕಂಪನಿಯವರು ಯಾರಿಗಾಗಿ ಮಾಡಬೇಕು? 999 ಚಂದ ಇಲ್ಲ ಅಂತ ಅಲ್ಲಿನ ಜನ ಕೂಗಿದ್ದಕ್ಕೆ ಕಂಪನಿ ಆಕಾರವನ್ನೇ ಬದಲಾಯಿಸಿತು. ನಾವು ಯಾವತ್ತಾದ್ರೂ ‘ಅಮ್ಮ ಕೂರೋಕೆ ಆಗಲ್ಲ’ ಅಂತ ಕೂಗಿದ್ದೀವಾ?

ಈಗ ಮನೆ ವಿಷಯ. ತಮ್ಮ ಈ ದಸರಾಕ್ಕೆ ಬೈಕ್ ತಗೊಳ್ತಾನೆ, ಅರ್ಧ ದುಡ್ಡು ನಾನು ಕಳಿಸ್ತೀನಿ ಅಂತ ಒಪ್ಪಿದ್ದೀನಿ. ಯಾವ ಕಂಪನಿ, ಒಕ್ಕಣ್ಣನಾ ಎರಡು ಕಣ್ಣಾ, ನೀಲಿನಾ ಕಪ್ಪಾ, ಅದೆಲ್ಲ ನಿನ್ನಿಷ್ಟ ಪುಟ್ಟ. ಒಂದೇ ಒಂದು ಷರತ್ತು. ಶೋರೂಮಿಗೆ ನಿನ್ನ ಫ್ರೆಂಡ್ಸ್ ಬೇಡ, ಅಮ್ಮನನ್ನು ಕರ್ಕೊಂಡು ಹೋಗು. ಅಮ್ಮ ಮಾಮೂಲಿ ಸೀರೆ ಉಟ್ಟು, ಆ ನೋಯುವ ಮಂಡಿ ಇಟ್ಟುಕೊಂಡು, ನಿನ್ನ ಕೈ ಹಿಡಿಯದೆ ಹತ್ತಬೇಕು. ಹತ್ತಿ ಹತ್ತು ನಿಮಿಷ ಕೂರಬೇಕು. ಎಡಗೈ ಎಲ್ಲಿ ಹಿಡಿದಿದ್ದಾರೆ ಅಂತ ಫೋಟೋ ತೆಗೆದು ನನಗೆ ಕಳಿಸು. ಅದು ಗಟ್ಟಿ ಕಬ್ಬಿಣದ ಹಿಡಿ ಆಗಿರಬೇಕು. ಸೀಟಿನ ಅಡ್ಡ ಹೊಲಿದ ಪಟ್ಟಿ ಲೆಕ್ಕಕ್ಕಿಲ್ಲ. ಆಮೇಲೆ ಮಂಡಗದ್ದೆ ಕಡೆಗೆ ಒಂದು ಸುತ್ತು ಟೆಸ್ಟ್ ರೈಡ್, ಹಂಪ್‌ನಲ್ಲಿ ನಿಧಾನ. ಇಳಿದ ಮೇಲೆ ಅಮ್ಮನೇ ನನಗೆ ಫೋನ್ ಮಾಡಲಿ, ನೀನಲ್ಲ. ನಿನ್ನ ಪಕ್ಕ ನಿಂತರೆ ಅವರು ‘ಚೆನ್ನಾಗಿದೆ’ ಅಂತಲೇ ಹೇಳ್ತಾರೆ, ನನಗೆ ಗೊತ್ತು.

ಸೀರೆ ಗಾರ್ಡ್ ಬಿಚ್ಚಿಸಿದ ದಿನ ಸರ್ವಿಸ್ ಖರ್ಚು ಪೂರ್ತಿ ನಿನ್ನದೇ.

ಮುಂದಿನ ಕಂತು ಇಲ್ಲಿನ ಡ್ರೈವಿಂಗ್ ಟೆಸ್ಟ್ ಬಗ್ಗೆ. ಭಾವ ಕೇಳಿದ್ದ ಫೋಟೋಗಳು ಕೆಳಗಿವೆ. ಕೆಂಪು ಬೈಕಿನ ಎರಡೂ ಬದಿ ತೆಗೆದಿದ್ದೀನಿ, ಜಗಳ ಮುಂದುವರಿಸಬಹುದು.