ಗೋಡೆ ಮೇಲಿನ 3/10

"ಅಲ್ವೋ ಮಾರಾಯ, ಇದು ಕಂಪ್ಯೂಟರಲ್ಲಿ ಬರ್ದಿರೋ ಚಿತ್ರ ತಾನೆ? ವಾಟ್ಸಾಪಿಗೆ ಕಳ್ಸು ಅಂದಿದ್ರೆ ಕಳಿಸ್ತಿರ್ಲಿಲ್ವಾ ಅವ್ನು?"

ಹೋದ ವರ್ಷ ಊರಿಂದ ಬಂದಿದ್ದ ಅಮ್ಮ ನಮ್ಮನೆ ಹಾಲಿನ ಗೋಡೆ ನೋಡಿ ಕೇಳಿದ ಮೊದಲನೇ ಪ್ರಶ್ನೆ ಇದು. ಅದರ ಬೆಲೆ 12,000 ರೂಪಾಯಿ ಅಂತ ಬಾಯಿಬಿಟ್ಟಿದ್ದೇ ನನ್ನ ತಪ್ಪು. (ಫ್ರೇಮಿನ 2,600 ಬೇರೆ. ಅದನ್ನು ಇವತ್ತಿಗೂ ಹೇಳಿಲ್ಲ.)

ಚಿತ್ರ ಬರೆದವನು ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟು. ಹಾಸ್ಟೆಲಿನಲ್ಲಿ ಎಲ್ಲರೂ ಅವನನ್ನು 'ಪೇಂಟ್ರು' ಅಂತಲೇ ಕರೀತಿದ್ವಿ. ಮೂರು ವರ್ಷ ನನ್ನ ಹಾಗೇ ಕೋಡು ಕುಟ್ಟಿ, ಸಾಕು ಅನ್ನಿಸಿ ಕೆಲಸ ಬಿಟ್ಟು, ಈಗ ಟ್ಯಾಬ್ಲೆಟ್ಟು, ಪೆನ್ನು ಹಿಡಿದು ಕೂತಿದ್ದಾನೆ. ಜಡಿಮಳೆಯಲ್ಲಿ ಶಿರಸಿ ಬಸ್‌ಸ್ಟ್ಯಾಂಡು, ಹೊರಡೋಕೆ ನಿಂತ ಒಂದು ಕೆಂಪು ಬಸ್ಸು, ಛತ್ರಿ ಮಡಚಲೋ ಬೇಡವೋ ಅಂತ ಯೋಚಿಸುತ್ತಾ ನಿಂತಿರುವ ಒಬ್ಬ ಅಜ್ಜ. ಇಷ್ಟೇ ಚಿತ್ರ. ಅರವತ್ತಕ್ಕೂ ಹೆಚ್ಚು ಲೇಯರ್ ಇದ್ದವಂತೆ, ಸುಮಾರು ಎರಡು ತಿಂಗಳ ಕೆಲಸ. ಒಳ್ಳೇ ಹತ್ತಿಯ ಕಾಗದದ ಮೇಲೆ ಹತ್ತೇ ಪ್ರಿಂಟ್ ಅಂತ ನಿರ್ಧಾರ ಮಾಡಿ, ಕೆಳಗೆ ಪೆನ್ಸಿಲ್‌ನಲ್ಲಿ 1/10, 2/10 ಅಂತ ನಂಬರ್ ಹಾಕಿ, ಸಹಿ ಮಾಡಿ ಮಾರುವ ಯೋಚನೆ. ನನ್ನದು 3/10.

ಅಮ್ಮನ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನಗಾಡಿ ಸುಮ್ಮನಾದೆ. ಆದರೆ ಅದೇ ಪ್ರಶ್ನೆಯನ್ನು 2021ರಲ್ಲಿ ಇಡೀ ಪ್ರಪಂಚವೇ ಕೇಳಿತ್ತು, ನೆನಪಿದೆಯಾ? ಆ ಮಾರ್ಚ್ 11ಕ್ಕೆ ಕ್ರಿಸ್ಟೀಸ್ ಹರಾಜಿನಲ್ಲಿ ಬೀಪಲ್ ಅನ್ನೋ ಹೆಸರಿನ ಅಮೆರಿಕದ ಮೈಕ್ ವಿಂಕಲ್‌ಮನ್‌ನ ಒಂದು ಫೈಲ್ ಸುಮಾರು 6.93 ಕೋಟಿ ಡಾಲರಿಗೆ ಹೋಯ್ತು. ಆಗಿನ ಲೆಕ್ಕದಲ್ಲಿ ಸುಮಾರು 500 ಕೋಟಿ ರೂಪಾಯಿ. ಹರಾಜು ಶುರುವಾಗಿದ್ದು ಬರೀ 100 ಡಾಲರಿನಿಂದ! 2007ರ ಮೇ 1ರಿಂದ ದಿನಕ್ಕೊಂದರಂತೆ ಮಾಡಿದ 5000 ಚಿತ್ರಗಳನ್ನು ಒಟ್ಟಿಗೆ ಜೋಡಿಸಿದ, ಉದ್ದಕ್ಕೆ 21,069, ಅಗಲಕ್ಕೆ 21,069 ಪಿಕ್ಸೆಲ್‌ಗಳ ಚಿತ್ರ ಅದು. ಕೊಂಡವರು ತಮಿಳುನಾಡು ಮೂಲದ, ಸಿಂಗಪುರದಲ್ಲಿದ್ದ ವಿಘ್ನೇಶ್ ಸುಂದರೇಶನ್. ಆಫೀಸಿನ ಕಾಫಿ ಮಷೀನ್ ಮುಂದೆ ಒಂದು ವಾರ ಇದೇ ಮಾತು. 'ರೈಟ್ ಕ್ಲಿಕ್ ಮಾಡಿ ಸೇವ್ ಮಾಡ್ಕೊಂಡ್ರೆ ನಂಗೂ ಸಿಗತ್ತಲ್ಲ' ಅಂತ ನಗದವರೇ ಇಲ್ಲ. ನಾನೂ ನಕ್ಕವನೇ, ಸುಳ್ಳು ಯಾಕೆ.

ಡಿಜಿಟಲ್ ಚಿತ್ರಕ್ಕೆ ದುಡ್ಡು ಕೊಡೋದರಲ್ಲಿ ನನಗೆ ಯಾವ ತಕರಾರೂ ಇಲ್ಲ. 'ಕಂಪ್ಯೂಟರೇ ಮಾಡತ್ತಲ್ವಾ' ಅನ್ನೋ ಮಾತಿಗಂತೂ ಉತ್ತರ ಕೊಡೋಕೇ ಬೇಜಾರು. ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ ಐಫೋನ್ ಹಿಡಿದು ಬೆಳಗಾಗೆದ್ದು ಹೂವು ಬರೆದು ಗೆಳೆಯರಿಗೆ ಕಳಿಸುತ್ತಿದ್ದರು. ಆಮೇಲೆ ಐಪ್ಯಾಡಿನಲ್ಲಿ ಬರೆದ ಯಾರ್ಕ್‌ಶೈರಿನ ವಸಂತವನ್ನು ಆಳೆತ್ತರಕ್ಕೆ ಪ್ರಿಂಟ್ ಹಾಕಿಸಿ, 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆಗೆ ಎಣ್ಣೆಬಣ್ಣದ ಚಿತ್ರಗಳ ಜೊತೆಗೇ ತೂಗುಹಾಕಿದರು. ಆ ಪ್ರಿಂಟುಗಳನ್ನು ಇಷ್ಟೇ ಪ್ರತಿ ಅಂತ ಲೆಕ್ಕ ಇಟ್ಟು, ಸಹಿ ಹಾಕಿ ಮಾರಿದರು. ಅಲ್ಲಿಗೆ ಆ ಚರ್ಚೆ ಮುಗೀತು ಅಂತ ನನ್ನ ಭಾವನೆ.

ನನ್ನ ತಕರಾರು ಇರೋದು, ದುಡ್ಡು ಕೊಟ್ಟು ಏನನ್ನು ಮನೆಗೆ ತಂದ್ವಿ ಅನ್ನೋದರ ಬಗ್ಗೆ. ಎನ್‌ಎಫ್‌ಟಿ ಅಂದರೆ ಏನು ಅಂತ ಒಮ್ಮೆ ಕೋಡು ತೆಗೆದು ನೋಡಿದವರಿಗೆ ಗೊತ್ತು. ಬ್ಲಾಕ್‌ಚೈನಿನಲ್ಲಿ ಒಂದು ನಂಬರು, ಆ ನಂಬರಿನ ಒಡೆಯನ ವಿಳಾಸ, ಜೊತೆಗೊಂದು ಲಿಂಕು. ಸಾಮಾನ್ಯವಾಗಿ ಅಷ್ಟೇ. ಅಷ್ಟು ದೊಡ್ಡ ಚಿತ್ರವನ್ನು ಅಲ್ಲಿಡೋದು ಸಿಕ್ಕಾಪಟ್ಟೆ ದುಬಾರಿ. ಹಾಗಾಗಿ ಚಿತ್ರ ಬೇರೆಲ್ಲೋ ಯಾರದೋ ಸರ್ವರಿನಲ್ಲಿ ಇರತ್ತೆ. ಅಂದರೆ ಕೊಂಡಿದ್ದು ರಸೀದಿ. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ದಿವಾಳಿ ಎದ್ದಾಗ, ಅಲ್ಲಿ ಮಾಡಿದ ಎನ್‌ಎಫ್‌ಟಿಗಳ ಲಿಂಕು ಒತ್ತಿದರೆ ಚಿತ್ರದ ಬದಲು ದಿವಾಳಿ ವ್ಯವಹಾರದ ಪುಟ ತೆರೆದುಕೊಳ್ಳೋ ಹಾಗಾಯ್ತು. ರಸೀದಿ ಮಾತ್ರ ಬ್ಲಾಕ್‌ಚೈನಿನಲ್ಲಿ ಭದ್ರ! ಮನೆ ಬಿದ್ದುಹೋದ ಮೇಲೂ ಖಾತೆ ಪತ್ರ ಕಪಾಟಿನಲ್ಲಿ ಜೋಪಾನವಾಗಿದ್ದ ಹಾಗೆ. 2025ರಲ್ಲಿ ಅದೇ ಕ್ರಿಸ್ಟೀಸ್ ಡಿಜಿಟಲ್ ಕಲೆಯ ಪ್ರತ್ಯೇಕ ವಿಭಾಗವನ್ನೇ ಮುಚ್ಚಿತು. ಅದರಿಂದ ಚಿತ್ರಗಳ ಯೋಗ್ಯತೆಯೇನೂ ಕಡಿಮೆ ಆಗಿಲ್ಲ ಬಿಡಿ.

'ಒಂದೇ ಒಂದು' ಅನ್ನೋದನ್ನ ಹುಟ್ಟಿಸೋಕೆ ಅಷ್ಟೆಲ್ಲಾ ಗಣಿತ ಬೇಕಿತ್ತಾ ಅಂತ ನನಗೆ ಅನುಮಾನ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಗೆ ಹಂಚಿದ. ನಮ್ಮಜ್ಜಿ ಮನೆಯ ದೇವರ ಗೂಡಿನಲ್ಲೂ ಒಂದಿತ್ತು. ಅದರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವನ ಮೂಲ ಚಿತ್ರಗಳ ಬೆಲೆಯೇನೂ ಇಳಿಯಲಿಲ್ಲ. ಮೂಲ ಬೇರೆ, ಪ್ರತಿ ಬೇರೆ. ಇನ್ನು ತಗಡಿನ ಮೇಲೆ ಕೊರೆದು ಅಚ್ಚು ತೆಗೆಯುವವರದ್ದು ಬೇರೆ ಪದ್ಧತಿ. ಅಲ್ಲಿ ಎಲ್ಲಾ ಪ್ರತಿಯೂ ಮೂಲವೇ. ಹೇಳಿದಷ್ಟು ಪ್ರತಿ ತೆಗೆದಾದ ಮೇಲೆ ತಗಡಿಗೆ ಅಡ್ಡ ಗೀಟು ಎಳೆದು ಕೆಡಿಸಿಬಿಡುತ್ತಾರೆ, ಇನ್ನು ಅಚ್ಚು ಬರಬಾರದು ಅಂತ. ಡಿಜಿಟಲ್ ಚಿತ್ರ ಈ ಎರಡನೇ ಜಾತಿಯದ್ದು. ಇಲ್ಲಿ ತಗಡು ಅಂದರೆ ಕಲಾವಿದನ ಹತ್ತಿರ ಇರೋ ಆ ಅರವತ್ತು ಲೇಯರಿನ ಫೈಲು. ಎಐ ಬಂದ ಮೇಲಂತೂ ಕೈಯಲ್ಲೇ ಬರೆದಿದ್ದು ಅಂತ ತೋರಿಸೋಕೆ ಇರೋ ಸಾಕ್ಷಿಗಳಲ್ಲಿ ಅದೇ ಮುಖ್ಯವಾದದ್ದು.

ಇಷ್ಟು ಯಾಕೆ ಕೊರೀತಿದ್ದೀನಿ ಅಂದರೆ, ಆ ಫೈಲು ಈಗ ಇಲ್ಲ.

ಪೇಂಟ್ರು ಫೋನ್ ಮಾಡಿದ್ದು ರಾತ್ರಿ ಹನ್ನೊಂದೂವರೆಗೆ. "ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತಿದೆ ಕಣೋ" ಅಂದ. ನನ್ನ ಎದೆಯೂ ಧಸಕ್ ಅಂತು. ಮರುದಿನ ಎಸ್.ಪಿ. ರೋಡಿಗೆ ಹೋದ್ವಿ. ಅಲ್ಲೊಬ್ಬರು ಕಿವಿ ಹತ್ತಿರ ಹಿಡಿದು ಕೇಳಿ, ಡಾಕ್ಟರ ಥರ ತಲೆ ಅಲ್ಲಾಡಿಸಿದರು. ಎರಡು ಕಡೆ ಕೊಟ್ಟು ನೋಡಿದ್ದಾಯ್ತು. ನಾಲ್ಕು ವರ್ಷದ ಕೆಲಸದಲ್ಲಿ ಉಳಿದದ್ದು ಲ್ಯಾಪ್‌ಟಾಪಿನಲ್ಲಿದ್ದ ಒಂದಷ್ಟು ಮಾತ್ರ. ಬಸ್‌ಸ್ಟ್ಯಾಂಡ್ ಅದರಲ್ಲಿರಲಿಲ್ಲ. ಪ್ರಿಂಟ್ ಹಾಕಿದವರು ಕೆಲಸ ಮುಗಿದ ಮೇಲೆ ಫೈಲ್ ಇಟ್ಟುಕೊಳ್ಳೋದಿಲ್ಲವಂತೆ. ಇನ್‌ಸ್ಟಾಗ್ರಾಮಿನಲ್ಲಿ ಇದೆಯಲ್ಲ ಅಂತ ಯಾರೋ ಸಮಾಧಾನ ಹೇಳಿದರು. ಇದೆ, ಅಗಲಕ್ಕೆ 1080 ಪಿಕ್ಸೆಲ್. ಅದರಲ್ಲಿ ಅಜ್ಜನ ಛತ್ರಿ ಗೊತ್ತಾಗತ್ತೆ, ಅವನ ಹಿಂದಿನ ಬೋರ್ಡಿನ ಮೇಲೆ ಇಳಿಯೋ ನೀರು ಗೊತ್ತಾಗಲ್ಲ. ರೈಟ್ ಕ್ಲಿಕ್ ಮಾಡಿ ನಾವು ಸೇವ್ ಮಾಡ್ಕೊಳ್ಳೋದು ಚಿತ್ರವನ್ನಲ್ಲ, ಅದರ ಪಾಸ್‌ಪೋರ್ಟ್ ಸೈಜ್ ಫೋಟೋವನ್ನ.

ನಾನು ಹೇಳಿ ಕೇಳಿ ಸಾಫ್ಟ್‌ವೇರ್ ಇಂಜಿನಿಯರ್. ಆಫೀಸಿನಲ್ಲಿ ಯಾರೂ ಓದದ ಲಾಗ್ ಫೈಲಿಗೂ ಮೂರು ಕಡೆ ಬ್ಯಾಕಪ್ ಇಡೋ ಕೆಲಸ ನನ್ನದು. 'ನಿನ್ನ ಫೈಲ್‌ಗಳು ಎಲ್ಲೆಲ್ಲಿವೆ' ಅಂತ ಅವನನ್ನು ಒಂದು ದಿನವೂ ಕೇಳಿರಲಿಲ್ಲ. ಇದು ಚುಚ್ಚುತ್ತಲೇ ಇದೆ.

ದೊಡ್ಡವರ ಚಿತ್ರಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಆ್ಯಂಡಿ ವಾರ್ಹಾಲ್ 1985ರಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳು ವರ್ಷಾನುಗಟ್ಟಲೆ ಫ್ಲಾಪಿಗಳಲ್ಲಿ ಕೂತಿದ್ದವು. ಫ್ಲಾಪಿಗಳು ಮ್ಯೂಸಿಯಮ್ಮಿನಲ್ಲಿ ಭದ್ರವಾಗಿಯೇ ಇದ್ದವು, ಆದರೆ ಒಳಗಿನ ಫೈಲುಗಳು ಯಾರಿಗೂ ಗೊತ್ತಿಲ್ಲದ ಫಾರ್ಮ್ಯಾಟಿನವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನ ಹುಡುಗರು ಆ ಫಾರ್ಮ್ಯಾಟನ್ನು ಬಿಡಿಸಿ ಚಿತ್ರ ಹೊರತೆಗೆದರು. ಸುದ್ದಿ ಬಂದಿದ್ದು 2014ರಲ್ಲಿ. 2021ರಲ್ಲಿ ಅವುಗಳಲ್ಲಿ ಐದು ಎನ್‌ಎಫ್‌ಟಿಯಾಗಿ 33 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾದಾಗ ಒಂದು ಜಗಳವೂ ಆಯ್ತು. ವಾರ್ಹಾಲ್ ಬರೆದಿದ್ದು ಅಗಲಕ್ಕೆ 320 ಪಿಕ್ಸೆಲ್ಲಿನಲ್ಲಿ, ಮಾರಿದ್ದು ಸಾವಿರಾರು ಪಿಕ್ಸೆಲ್ಲಿಗೆ ಹಿಗ್ಗಿಸಿದ ಫೈಲು. ಹಾಗಾದರೆ ಮೂಲ ಯಾವುದು? ನನ್ನ ಓಟು ಆ ಫ್ಲಾಪಿಗೆ, ಮತ್ತು ಅದನ್ನು ಬಿಡಿಸಿದ ಹುಡುಗರಿಗೆ.

ಹಾಗಾಗಿ ಡಿಜಿಟಲ್ ಚಿತ್ರ ಕೊಳ್ಳುವವರು ಪ್ರಿಂಟಿನ ಜೊತೆ ಪೂರ್ತಿ ಫೈಲನ್ನೂ ಕೇಳಿ ತಗೋಬೇಕು ಅಂತ ನಾನು ಹೇಳೋದು. ನಾವಾಗಿ ಪ್ರಿಂಟ್ ಹಾಕಲ್ಲ, ಹಂಚಲ್ಲ ಅಂತ ಬರೆದುಕೊಡೋಣ, ಆದರೆ ಇಟ್ಟುಕೊಂಡಿರೋಣ. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಹಾಕಿ, ತೆರೆಯುತ್ತಾ ಅಂತ ನೋಡೋಣ. ವಿಡಿಯೊ ಕಲೆ ಕೊಳ್ಳುವ ಮ್ಯೂಸಿಯಮ್ಮುಗಳು ಇದನ್ನೇ ಮಾಡುತ್ತವೆ. ಪ್ರತಿ ಹೆಚ್ಚಿದರೆ ಬೆಲೆ ಇಳಿಯುತ್ತೆ ಅಂತ ಹರಾಜಿನವರ ಲೆಕ್ಕ. ಪ್ರತಿ ಹೆಚ್ಚಿದಷ್ಟೂ ಚಿತ್ರ ಉಳಿಯುತ್ತೆ ಅಂತ ಲೈಬ್ರರಿಯವರ ಲೆಕ್ಕ. ಸಂಗ್ರಹ ಮಾಡೋರು ಎರಡನೆಯವರ ಮಾತು ಕೇಳೋದು ಒಳ್ಳೇದು. ಫೈಲ್ ಕೊಟ್ಟರೆ ಮೋಸ ಮಾಡ್ತಾರೆ ಅನ್ನೋ ಭಯ ಕಲಾವಿದರಿಗೆ ಇದ್ದೇ ಇರತ್ತೆ, ಸುಳ್ಳಲ್ಲ. ಆದರೆ 3/10 ಅಂತ ಬರೆದಿದ್ದಾನೆ, ಹನ್ನೊಂದನೇದು ಹಾಕಲ್ಲ ಅಂತ ನಾನು ಅವನನ್ನು ನಂಬಿ 12,000 ಕೊಟ್ಟಿಲ್ಲವೇ? ಅವನೂ ಅಷ್ಟು ನಂಬಲಿ.

ಅಂದ ಹಾಗೆ ಫೈಲ್ ಹೋದಾಗ ಹತ್ತರಲ್ಲಿ ಪ್ರಿಂಟ್ ಆಗಿದ್ದು ನಾಲ್ಕೇ. ನಾಲ್ಕೂ ಮಾರಾಟವಾಗಿದ್ದವು. ಉಳಿದ ಆರು ಇನ್ನು ಬರೋದಿಲ್ಲ. ತಗಡಿಗೆ ಗೀಟು ತಾನಾಗೇ ಬಿತ್ತು. 'ನನ್ನ ಪ್ರಿಂಟನ್ನೇ ಸ್ಕ್ಯಾನ್ ಮಾಡಿ ಉಳಿದದ್ದು ಹಾಕು' ಅಂದೆ. "ಅದು ಸ್ಕ್ಯಾನಿನ ಪ್ರಿಂಟ್ ಆಗತ್ತೆ, ನಂದಾಗಲ್ಲ" ಅಂದ. ದುಡ್ಡಿಗೆ ಕಷ್ಟ ಇದ್ದಾಗಲೂ ಹಾಗಂದ.

ಈಗ ಅವನ ಹೊಸ ಚಿತ್ರಗಳ ಒಂದು ಪ್ರತಿ ನಮ್ಮನೆ ಡಿಸ್ಕಿನಲ್ಲಿದೆ, ಇನ್ನೊಂದು ಅವನ ತಂಗಿ ಮನೆಯಲ್ಲಿ. ಕೊಂಡ ನಾಲ್ಕೂ ಜನರಿಗೆ ಫೋನ್ ಮಾಡಿ ವಿಷಯ ಹೇಳಿದ್ದಾನೆ. ನಂಬರ್ ತಪ್ಪಾಗಿರಬಾರದು ಅಂತ ಅವನ ಹಠ. ಬರೋ ಭಾನುವಾರ ಪೆನ್ಸಿಲ್, ರಬ್ಬರ್ ಹಿಡ್ಕೊಂಡು ಬಂದು 3/10 ಅಳಿಸಿ 3/4 ಅಂತ ಬರೀತಾನಂತೆ. ನಾನಿನ್ನೂ ಫ್ರೇಮ್ ಬಿಚ್ಚಿಲ್ಲ.