ಕಲರ್ ಬಾರ್‌ಗೂ ಮಾರ್ಕ್ಸ್ ಕೊಡಿ

ಕಳೆದ ಸೆಮ್‌ನಲ್ಲಿ ನಮ್ಮ ರೂಮ್‌ಮೇಟ್‌ಗೆ ಡೆಂಗಿ ಆಗಿ ಬಸವಕಲ್ಯಾಣದ ಹಾಸ್ಟೆಲಿನಿಂದ ಹುಮನಾಬಾದಿನ ಮನೆಗೆ ಹೋಗಿದ್ದ. ಭಾನುವಾರ ನಾವು ನಾಲ್ವರು ಸಸ್ತಾಪುರ ಬಂಗ್ಲಾದಲ್ಲಿ ಬಸ್ ಹಿಡಿದು ನೋಡಲಿಕ್ಕೆ ಹೋದ್ವಿ. ಚಹಾ ಕೊಡೋದಕ್ಕಿಂತ ಮೊದಲು ಅವರವ್ವ ಎರಡು ರಕ್ತದ ರಿಪೋರ್ಟ್ ಕೈಗಿಟ್ಟರು. “ಇಂಜಿನಿಯರಿಂಗ್ ಓದ್ತೀರಿ, ನೋಡ್ರಪ್ಪಾ. ಈ ಲಿಂಫೋಸೈಟ್ ಅನ್ನೋದು 25 ಇದ್ದದ್ದು 60 ಆಗ್ಯಾದ. ಮೊಬೈಲ್‌ನಾಗ ನೋಡಿದ್ರ ಏನೇನೋ ಬರ್ತದ.”

ರಿಪೋರ್ಟ್ ಕೆಳಗೆ ಬಣ್ಣಬಣ್ಣದ ಸ್ಕ್ಯಾಟರ್ ಪ್ಲಾಟ್ ಇತ್ತು. ಮಶೀನ್ ಒಂದೊಂದೇ ಕಣದ ಮೇಲೆ ಲೇಸರ್ ಬಿಟ್ಟು, ಚದುರಿದ ಬೆಳಕಿನಿಂದ ಅದರ ಗಾತ್ರ, ಒಳರಚನೆ ಅಂದಾಜು ಮಾಡಿ ಒಂದು ಚುಕ್ಕಿ ಇಡುತ್ತದೆ. ಅಲ್ಲಿ ಬಣ್ಣ ಹೇಳೋದು ಇದು ಯಾವ ಜಾತಿಯ ಕಣ ಅಂತ ಮಾತ್ರ. ಹೆಚ್ಚಾಯ್ತೋ ಕಡಿಮೆಯಾಯ್ತೋ ಅದಕ್ಕೆ ಗೊತ್ತಿಲ್ಲ.

ನಮಗೆ ಹುಮ್ಮಸ್ಸು ಬಂತು. ಹಾಸ್ಟೆಲಿಗೆ ಬಂದು ಪೈಥಾನ್‌ನಲ್ಲಿ ನಮ್ಮದೇ ಪ್ಲಾಟ್ ಮಾಡಿದ್ವಿ. ಶೇಕಡಾವಾರು ಏರಿದ್ದಕ್ಕೆ ಕೆಂಪು, ಇಳಿದದ್ದಕ್ಕೆ ಹಸಿರು. ಲಿಂಫೋಸೈಟ್ ಗುಂಪು ಉರಿ ಹತ್ತಿದ ಹಾಗೆ ಕಾಣ್ತು. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿಯೂ ಬಿಟ್ವಿ. ಬೆಳಿಗ್ಗೆ ಅವನ ಮೆಸೇಜ್: ಅವ್ವ ರಾತ್ರಿ ಮಲಗೇ ಇಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದ್ವಿ. ಮೊದಲ ರಿಪೋರ್ಟ್‌ನಲ್ಲಿ ಒಟ್ಟು ಬಿಳಿ ಕಣ 8,000. ಅದರ 25% ಅಂದ್ರೆ 2,000 ಲಿಂಫೋಸೈಟ್. ಎರಡನೆಯದರಲ್ಲಿ ಒಟ್ಟು 3,200ಕ್ಕೆ ಇಳಿದಿತ್ತು, ಅದರ 60% ಅಂದ್ರೆ 1,920. ಏರಿದ್ದೇ ಇಲ್ಲ! ಬಿದ್ದದ್ದು ನ್ಯೂಟ್ರೋಫಿಲ್: 5,600ರಿಂದ 960ಕ್ಕೆ. ಡೆಂಗಿಯಲ್ಲಿ ಹೀಗೆ ಬಿಳಿ ಕಣ ಇಳಿಯೋದು ಸಾಮಾನ್ಯ ಅಂತ ಅವರ ಡಾಕ್ಟರೂ ಹೇಳಿದರು. ಒಬ್ಬರ ಪಾಲು ಕರಗಿದ್ರೆ ಉಳಿದವರ ಶೇಕಡಾ ತಾನಾಗೇ ಉಬ್ಬುತ್ತದೆ. ಇಷ್ಟು ಏಳನೇ ಕ್ಲಾಸಿನ ಗಣಿತ ನಮಗೆ ಹೊಳೀಲಿಲ್ಲ.

ಎರಡನೇ ಸಲ ನಿಜವಾದ ಎಣಿಕೆ ತಗೊಂಡು, ಎಷ್ಟು ಪಟ್ಟು ಬದಲಾಯ್ತು ಅನ್ನೋದರ ಲಾಗ್ ಬೇಸ್ 2 ಹಾಕಿದ್ವಿ. ಸೊನ್ನೆಗೆ ಬಿಳಿ, ಇಳಿಕೆಗೆ ನೀಲಿ, ಏರಿಕೆಗೆ ಕೆಂಪು. ಲಿಂಫೋಸೈಟ್ −0.06, ಹೆಚ್ಚುಕಡಿಮೆ ಬಿಳಿ. ನ್ಯೂಟ್ರೋಫಿಲ್ −2.5, ಕಡುನೀಲಿ. ಡೇಟಾ ಅದೇ, ಕಥೆ ಬೇರೆ. ಹಸಿರು ಬಿಟ್ಟದ್ದಕ್ಕೆ ಇನ್ನೊಂದು ಕಾರಣ: ನಮ್ಮ ನಾಲ್ವರಲ್ಲೇ ಒಬ್ಬನಿಗೆ ಕೆಂಪು-ಹಸಿರು ವ್ಯತ್ಯಾಸ ಕಾಣಲ್ಲ. ಮೊದಲ ಪ್ಲಾಟ್ ನೋಡಿ ಅವನು “ಸೂಪರ್” ಅಂದಿದ್ದ, ಪಾಪ.

ಇದು ನಾಲ್ವರ ಪೆದ್ದುತನ ಅಂತ ನಕ್ಕು ಬಿಡಬಹುದು. ಆದರೆ ಸೆಮಿನಾರ್‌ಗಳಲ್ಲಿ ಸಿಂಗಲ್ ಸೆಲ್ ಡೇಟಾದ ಯುಮ್ಯಾಪ್ ಚಿತ್ರ ತೋರಿಸ್ತಾರಲ್ಲ, ಸಾವಿರಾರು ಚುಕ್ಕಿ, ಆರೋಗ್ಯವಂತರದ್ದು ನೀಲಿ, ರೋಗಿಗಳದ್ದು ಕಿತ್ತಳೆ? ಅಲ್ಲಿ ಯಾವ ಗುಂಪನ್ನು ಕೊನೆಗೆ ಬರೆದೆವೋ ಅದು ಉಳಿದದ್ದರ ಮೇಲೆ ಕೂತು ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಎರಡೂ ಕಡೆಯಿಂದ ಸಮ ಸಂಖ್ಯೆಯ ಕಣ ತಗೊಂಡು, ಕ್ರಮ ಕಲಸಿ ಬರೀಬೇಕು. ಮ್ಯಾಟ್‌ಪ್ಲಾಟ್‌ಲಿಬ್‌ನವರು 2017ರ 2.0 ಆವೃತ್ತಿಯಲ್ಲಿ ಹಳೆಯ ಕಾಮನಬಿಲ್ಲು ‘ಜೆಟ್’ ತೆಗೆದು ‘ವಿರಿಡಿಸ್’ ಅನ್ನು ಡೀಫಾಲ್ಟ್ ಮಾಡಿದ್ದೂ ಸುಮ್ಮನೆ ಅಲ್ಲ. ಜೆಟ್‌ನ ಹಳದಿ ಪಟ್ಟಿ ಡೇಟಾದಲ್ಲಿ ಇಲ್ಲದ ಗಡಿಯನ್ನು ಕಣ್ಣಿಗೆ ತೋರಿಸುತ್ತಿತ್ತು.

ನಮ್ಮ ಲ್ಯಾಬ್‌ನಲ್ಲಿ ಎಕ್ಸ್, ವೈ ಅಕ್ಷಕ್ಕೆ ಹೆಸರು ಬರೀದಿದ್ರೆ ಮಾರ್ಕ್ಸ್ ಕಟ್. ಬಣ್ಣ ಏನನ್ನು ಅಳೆಯುತ್ತೆ, ಸೊನ್ನೆ ಎಲ್ಲಿದೆ ಅಂತ ಯಾರೂ ಕೇಳಲ್ಲ. ಬಣ್ಣವೂ ಒಂದು ಅಕ್ಷವೇ ಅಲ್ವಾ? ಕಲರ್ ಬಾರ್‌ಗೆ ಎರಡು ಮಾರ್ಕ್ಸ್ ಇಡಿ ಅಂತ ಹೆಚ್‌ಓಡಿ ಸರ್‌ಗೆ ಪತ್ರ ಬರೆದಿದ್ದೇವೆ. ಸಹಿ ಹಾಕುವವರು ಶುಕ್ರವಾರದೊಳಗೆ ಹಾಸ್ಟೆಲಿಗೆ ಬನ್ನಿ, ಮುಂದಿನ ಇಂಟರ್ನಲ್ ಹತ್ತಿರ ಬಂದಿದೆ.